ಬಣ್ಣ ಬಿಟ್ಟ ಕಂಬಳಿ

ತಂಗಿಯ ಮದುವೆಯ ಸಾಮಾನಿನ ಪಟ್ಟಿಯಲ್ಲಿ ನನ್ನ ಪಾಲಿಗೆ ಬಂದದ್ದು ಸಣ್ಣಪುಟ್ಟ ವಸ್ತುಗಳು. ಬಾಸಿಂಗ, ಅರಿಶಿನದ ಕೊಂಬು, ಕೊಬ್ಬರಿ ಗಿಟುಕು, ಕೊನೆಯಲ್ಲಿ ಒಂದು ಕರಿ ಕಂಬಳಿ. ನಮ್ಮದು ಹೊಳೆನರಸೀಪುರ ತಾಲ್ಲೂಕು ಹಳೇಕೋಟೆ ಹೋಬಳಿಯ ಒಂದು ಊರು. ನಮ್ಮ ಮನೆಯಲ್ಲಿ ಹಸೆಗೆ ಮೊದಲು ಕರಿ ಕಂಬಳಿ ಹಾಸಬೇಕು. ಅದರ ಮೇಲೆ ಅಕ್ಕಿಯಲ್ಲಿ ಹಸೆ ಬರೆದು, ಆಮೇಲೆ ಗಂಡು ಹೆಣ್ಣನ್ನು ಕೂರಿಸುವುದು. ಜಮಖಾನ, ಚಾಪೆ, ಕುರ್ಚಿ ಎಲ್ಲವೂ ಬಂದ ನೆಂಟರಿಗೆ. ಮದುವೆ ಮಕ್ಕಳಿಗೆ ಮಾತ್ರ ಕಂಬಳಿ.

"ಅಟ್ಟದ ಮೇಲೆ ನಿಮ್ಮ ತಾತನ ಕಂಬಳಿ ಐತಲ್ಲ, ಅದನ್ನೇ ತೆಗೆದು ಬಿಸಿಲಿಗೆ ಹಾಕು" ಎಂದಿದ್ದರು ಅಜ್ಜಿ. ನಾನು ಅಟ್ಟ ಹತ್ತಿ ನೋಡಿದೆ. ಬೇವಿನ ಸೊಪ್ಪು ಒಣಗಿ ಪುಡಿಯಾಗಿ ಮಡಿಕೆಗಳ ಒಳಗೆಲ್ಲ ತುಂಬಿಕೊಂಡಿತ್ತು. ಕಂಬಳಿಯ ಅಂಚು ಕಪ್ಪಾಗಿ ಉಳಿದಿರಲಿಲ್ಲ, ತುಕ್ಕು ಹಿಡಿದ ಕಬ್ಬಿಣದ ಹಾಗೆ ಕಂದಾಗಿತ್ತು. ಎರಡು ಕಡೆ ಹುಳು ತಿಂದು ತೂತು. ಬಿ.ಎ. ಕೊನೆಯ ವರ್ಷದಲ್ಲಿದ್ದ ನನಗೆ ಮದುವೆಯ ಫೋಟೋದಲ್ಲಿ ಇದು ಕಾಣುವುದೇ ಅವಮಾನ ಎನಿಸಿತು. ಅದನ್ನು ಅಲ್ಲೇ ಮಡಿಸಿಟ್ಟು, ಪೇಟೆಗೆ ಹೋಗಿ ಹೊಸ ಕಂಬಳಿ ತಂದೆ. ಕಾಡಿಗೆಯಂಥ ಕಪ್ಪು, ಅಂಚಿನಲ್ಲಿ ಕೆಂಪು ಗೆರೆ, ಮುಟ್ಟಿದರೆ ಮೆತ್ತಗೆ. ಬೆಲೆಯೂ ಕಡಿಮೆ. ಅಜ್ಜಿ ಅದನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ, ಏನೂ ಹೇಳದೆ ಕೊಟ್ಟರು.

ಧಾರೆಯ ಹೊತ್ತಿಗೆ ಚಪ್ಪರದ ಕೆಳಗೆ ನೂಕುನುಗ್ಗಲು. ಒಬ್ಬರಾದ ಮೇಲೆ ಒಬ್ಬರು ಬಂದು ಹಾಲು ನೀರು ಎರೆಯುತ್ತಿದ್ದರು. ಕೆಳಗಿಟ್ಟ ಬೋಗುಣಿಗೆ ಬಿದ್ದದ್ದಕ್ಕಿಂತ ಹೊರಗೆ ಚೆಲ್ಲಿದ್ದೇ ಹೆಚ್ಚು. ಒದ್ದೆ ಕಂಬಳಿಯ ಮೇಲೆ ಭಾವ, ತಂಗಿ ಬಹಳ ಹೊತ್ತು ಕೂತಿದ್ದರು. ಸಪ್ತಪದಿಗೆಂದು ಎದ್ದಾಗ ಭಾವನ ಬಿಳಿ ಪಂಚೆಯ ಹಿಂಭಾಗದಲ್ಲಿ ಎರಡು ಅಂಗೈಯಗಲ ಕಪ್ಪು ಕಲೆ. ತಂಗಿಯ ಸೀರೆ ಗಾಢ ಬಣ್ಣದ್ದಾಗಿದ್ದರಿಂದ ಅಲ್ಲಿ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ನಗಲಿಲ್ಲ. "ಧಾರೆ ಹೊತ್ನಲ್ಲಿ ಕಪ್ಪು ಅಂಟ್ತಲ್ಲವ್ವ" ಎಂದರು. ಅವರು ಮೆಲ್ಲಗೇ ಹೇಳಿದ್ದು. ಆದರೆ ಮದುವೆ ಮನೆಯಲ್ಲಿ ಮೆಲ್ಲಗೆ ಹೇಳಿದ್ದೇ ಬೇಗ ಹರಡುವುದು.

ಆ ರಾತ್ರಿ ಪಾತ್ರೆ ತೊಳೆಯುವ ಕಡೆ ಅಜ್ಜಿ ಒಬ್ಬರೇ ಸಿಕ್ಕಾಗ, ಬೈಸಿಕೊಳ್ಳಲು ತಯಾರಾಗಿಯೇ ಹತ್ತಿರ ಹೋದೆ. ಅವರು ಬೈಯಲಿಲ್ಲ.

"ಕುರಿ ಬಣ್ಣ ಬಿಡಕ್ಕಿಲ್ಲ ಕಣ್ಲಾ ಮಗ. ಮಳೇಲಿ ನೆಂದು ಬೆಳ್ಳಗಾದ ಕುರಿಯ ಯಾವತ್ತಾರ ನೋಡಿದ್ದೀಯಾ?"

ಆಗ ಅದು ನನಗೆ ಬರೀ ಗಾದೆಯಂಥ ಮಾತಾಗಿ ಕೇಳಿತು. ಅದರೊಳಗೆ ಒಂದು ವಿಜ್ಞಾನವಿದೆ ಎಂದು ಗೊತ್ತಾಗಲು ಸಮಯ ಹಿಡಿಯಿತು. ಕರಿ ಕುರಿಯ ಉಣ್ಣೆಯ ಕಪ್ಪು ಎಳೆಯ ಮೇಲೆ ಬಳಿದದ್ದಲ್ಲ. ಎಳೆ ಬೆಳೆಯುವಾಗಲೇ ಅದರೊಳಗೆ ಸೇರಿಕೊಂಡದ್ದು, ನಮ್ಮ ತಲೆಗೂದಲಿನ ಕಪ್ಪಿನ ಹಾಗೆ. ನೀರಿಗೆ ಅದು ಕರಗುವುದಿಲ್ಲ. ಬಿಸಿಲಿಗೆ ಮಾತ್ರ ವರ್ಷಗಟ್ಟಲೆ ಒಡ್ಡಿದರೆ ನಿಧಾನವಾಗಿ ಕಂದಾಗುತ್ತದೆ. ನಾನು ನಾಚಿಕೆಪಟ್ಟ ಆ ತುಕ್ಕು ಬಣ್ಣ, ತಾತ ಅದನ್ನು ಹೊದ್ದು ಹೊಲದಲ್ಲಿ ಕಳೆದ ಬಿಸಿಲಿನ ಲೆಕ್ಕ.

ಆ ಕಂಬಳಿ ಮನೆಗೆ ಬಂದ ಕಥೆಯನ್ನು ಅಜ್ಜಿ ಆಮೇಲೆ ಒಂದೊಂದೇ ತುಂಡಾಗಿ ಹೇಳಿದರು. ನಮ್ಮೂರ ಪಕ್ಕದೂರಿನಲ್ಲಿ ಕಂಬಳಿ ನೇಯುವ ಕುರುಬರ ಮನೆ ಒಂದಿತ್ತು. ವರ್ಷಕ್ಕೆ ಎರಡು ಸಲ ಕುರಿ ಕತ್ತರಿಸುತ್ತಿದ್ದರು. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ, ಅದನ್ನು ಬೇರೆ ಇಡುತ್ತಿದ್ದರು. ಹೆಂಗಸರು ನೂತರೆ ಗಂಡಸರು ಕುಣಿಮಗ್ಗದಲ್ಲಿ ನೇಯುವುದು. ಹಾಸಿನ ನೂಲು ಸುಲಭವಾಗಿ ಕಿತ್ತುಬರಬಾರದೆಂದು ಹುಣಸೆ ಬೀಜವನ್ನು ಹುರಿದು, ನೆನೆಸಿ, ಅರೆದು, ಕುದಿಸಿ ಸರಿ ಮಾಡಿ ಸವರುತ್ತಿದ್ದರು. ಅಜ್ಜಿ ಚಿಕ್ಕವರಿದ್ದಾಗ ಅವರ ತವರಿನ ಕಡೆಯೂ ಇಂಥದೇ ಮನೆಯಿತ್ತಂತೆ. ಹುಣಸೆ ಬೀಜ ಆರಿಸಿ ಕೊಟ್ಟರೆ ಮಕ್ಕಳಿಗೆ ಒಂದು ತುಂಡು ಬೆಲ್ಲ. "ಆ ಸರಿ ವಾಸನೇನೇ ಕಂಬಳಿ ವಾಸನೆ. ನೀನು ತಂದಿದ್ರಲ್ಲಿ ಅದು ಇರ್ನಿಲ್ಲ" ಎಂದರು.

ತಾತ ಆ ಕಂಬಳಿಗೆ ಕೊಟ್ಟದ್ದು ರಾಗಿ. ಒಂದೇ ಸಲ ಕೊಟ್ಟದ್ದಲ್ಲ, ಎರಡು ಸುಗ್ಗಿಯಲ್ಲಿ. ಮೊದಲ ಮಳೆಗಾಲ ಕೊಪ್ಪೆ ಹಾಕಿಕೊಂಡು ನಾಟಿಗೆ ಹೋಗಿ ಬಂದು, ನೀರು ಒಳಗೆ ಇಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದ ರಾಗಿ ಅಳೆದದ್ದು. ನೇಯ್ದವನು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲವಂತೆ. "ಮುಂದಿನ ವರ್ಷನೂ ಅವ್ನು ಇದೇ ಬಾಗ್ಲಿಗೆ ಬರಬೇಕಿತ್ತಲ್ಲ" ಎಂಬುದು ಅಜ್ಜಿಯ ವಿವರಣೆ. ಈ ಮಾತನ್ನು ನಾನು ಮತ್ತೆ ಮತ್ತೆ ನೆನೆಸಿಕೊಂಡಿದ್ದೇನೆ. ನಾನು ಕೊಂಡ ಕಂಬಳಿಯನ್ನು ಯಾರು ನೇಯ್ದರೋ, ಯಾವ ಊರಿನಲ್ಲಿ ಅದಕ್ಕೆ ಬಣ್ಣ ಹಾಕಿದರೋ ಅಂಗಡಿಯವರಿಗೂ ಗೊತ್ತಿರಲಿಲ್ಲ. ಅದರ ಕಪ್ಪಿಗೆ ಜವಾಬ್ದಾರರು ಯಾರೂ ಇರಲಿಲ್ಲ.

ಮದುವೆಯ ಮುಂದಿನ ವರ್ಷ ನಾನು ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಅಕ್ಟೋಬರಿನಲ್ಲಿ ಗೆಳೆಯರ ಜೊತೆ ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಹೊರಟವನು, ನಾಟಕ, ಭಾಷಣಗಳ ನಡುವಿನ ಬಿಡುವಿನಲ್ಲಿ ಅದೇ ಊರಿನ 'ಚರಕ'ಕ್ಕೆ ಹೋದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ ಬೆಳೆದ ಮಹಿಳೆಯರ ಸಹಕಾರ ಸಂಘ ಅದು. ಕೈಮಗ್ಗ ಮತ್ತು ಸಹಜ ಬಣ್ಣ ಅಲ್ಲಿನ ಕಸುಬು. ಬಣ್ಣದ ಮನೆಯಲ್ಲಿ ದೊಡ್ಡ ದೊಡ್ಡ ಹಂಡೆಗಳು ಕುದಿಯುತ್ತಿದ್ದವು. ಒಂದರಲ್ಲಿ ದಾಳಿಂಬೆ ಸಿಪ್ಪೆ. ಇನ್ನೊಂದರಲ್ಲಿ ಅಡಿಕೆ ಚೊಗರು. ಮಲೆನಾಡಿನವರಿಗೆ ಇದು ಹೊಸದಲ್ಲ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ನೀರು, ಕುದ್ದು ಕುದ್ದು ಗಟ್ಟಿಯಾದರೆ ಚೊಗರು. ಅಡಿಕೆಗೆ ಬಣ್ಣ ಕೊಡಲು ಬಳಸುತ್ತಿದ್ದ ಅದನ್ನೇ ಇಲ್ಲಿ ನೂಲಿಗೆ ಕೊಡುತ್ತಿದ್ದರು.

ಅಲ್ಲಿದ್ದ ಅಕ್ಕ ಒಬ್ಬರಿಗೆ ನನ್ನ ಕಂಬಳಿಯ ಕಥೆ ಹೇಳಿದೆ. "ಅಂಗಡಿ ಬಣ್ಣ, ಅದಕ್ಕೇ ಬಿಟ್ಟಿತು ಅಲ್ವಾ?" ಎಂದು ನಾನೇ ತೀರ್ಪನ್ನೂ ಕೊಟ್ಟೆ. ಅವರು ಒಪ್ಪಲಿಲ್ಲ.

"ನಮ್ದೂ ಬಿಡ್ತದೆ, ಸರಿ ಮಾಡದಿದ್ರೆ. ಅರಿಶಿನದಲ್ಲಿ ಅದ್ದಿದ ಬಟ್ಟೆ ನಾಲ್ಕು ದಿನ ಬಿಸಿಲಿಗೆ ಹಾಕಿ ನೋಡಿ. ಬಣ್ಣ ಗಿಡದ್ದೋ ಡಬ್ಬದ್ದೋ ಅನ್ನೋದು ಆಮೇಲಿನ ಮಾತು. ಕಚ್ಚಿದೆಯೋ ಇಲ್ವೋ ಅನ್ನೋದು ಮೊದಲು."

ಕಚ್ಚುವುದು. ನಾವು ದಿನವೂ ಆಡುವ ಮಾತು. ಬಟ್ಟೆಗೆ ಕಲೆ ಕಚ್ಚಿತು, ಬಣ್ಣ ಕಚ್ಚಿತು. ಬಣ್ಣವನ್ನು ನೂಲಿಗೆ ಹಿಡಿಸುವ ವಸ್ತುವಿಗೆ ಇಂಗ್ಲಿಷಿನಲ್ಲಿ ಮಾರ್ಡಂಟ್ ಎನ್ನುತ್ತಾರೆ. ಅದರ ಮೂಲ ಫ್ರೆಂಚ್ ಕ್ರಿಯಾಪದದ ಅರ್ಥವೂ ಕಚ್ಚುವುದೇ ಎಂದು ಆಮೇಲೆ ಓದಿ ಬೆರಗಾದೆ. ಉಣ್ಣೆ, ರೇಷ್ಮೆ ಪ್ರಾಣಿಯಿಂದ ಬಂದದ್ದು, ಬಣ್ಣವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಹತ್ತಿ ಹಟಮಾರಿ. ಅದನ್ನು ಮೊದಲು ಚೆನ್ನಾಗಿ ಒಗೆದು ಜಿಡ್ಡು ತೆಗೆಯಬೇಕು. ಅಳಲೆಕಾಯಿಯಂಥ ಒಗರು ವಸ್ತುವಿನ ನೀರಿನಲ್ಲಿ ನೆನೆಸಬೇಕು. ಆಮೇಲೆ ಪಟಿಕ. ಆಮೇಲೆ ಬಣ್ಣ. ಪಟಿಕದ ಬದಲು ಅನ್ನಭೇದಿ ಹಾಕಿದರೆ ಅದೇ ದಾಳಿಂಬೆ ಸಿಪ್ಪೆಯ ಹಳದಿ ಕಪ್ಪು ಹಸಿರಿಗೆ ತಿರುಗುತ್ತದೆ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿ ಮತ್ತು ಅನ್ನಭೇದಿಯಿಂದ ನಮ್ಮ ಹಿಂದಿನವರು ಶಾಯಿ ಮಾಡುತ್ತಿದ್ದದ್ದೂ ಇದೇ ತತ್ವದ ಮೇಲೆ. ನೀಲಿಯದು ಬೇರೆಯೇ ದಾರಿ. ಅದು ನೀರಿನಲ್ಲಿ ಕರಗುವುದೇ ಇಲ್ಲ. ತೊಟ್ಟಿಯಲ್ಲಿ ಹುಳಿ ಬರಿಸಿ, ಗಾಳಿ ಸೋಕದಂತೆ ಇಟ್ಟು, ಅದರಲ್ಲಿ ಅದ್ದಿದ ನೂಲನ್ನು ಮೇಲೆತ್ತಿದರೆ ಮೊದಲು ಹಳದಿ ಹಸಿರು. ಗಾಳಿ ತಾಗುತ್ತಾ ತಾಗುತ್ತಾ ಕಣ್ಣೆದುರೇ ನೀಲಿಯಾಗುತ್ತದೆ. ಗಾಢ ನೀಲಿ ಬೇಕೆಂದರೆ ಒಂದೇ ಸಲ ಹೆಚ್ಚು ಹೊತ್ತು ಅದ್ದಿದರೆ ಆಗುವುದಿಲ್ಲ. ಅದ್ದಿ, ಆರಿಸಿ, ಮತ್ತೆ ಅದ್ದಬೇಕು.

ಕೊನೆಗೆ ಅವರು ಒಂದು ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಒಣಗಿದ ಚೊಗರಿನ ನೂಲಿನ ಮೇಲೆ ಗಟ್ಟಿಯಾಗಿ ಉಜ್ಜಿ ತೋರಿಸಿದರು. ಬಟ್ಟೆ ಬೆಳ್ಳಗೇ ಉಳಿಯಿತು. "ಇಷ್ಟೇ ಪರೀಕ್ಷೆ. ಅಂಗಡಿಯಲ್ಲೇ ನಿಂತು ಮಾಡಬಹುದಿತ್ತು ನೀವು" ಎಂದರು. ಅರ್ಧ ನಿಮಿಷದ ಕೆಲಸ.

ರತ್ನಗಂಬಳಿ ಎಂಬ ಪದದ ಒಳಗೂ ಕಂಬಳಿಯೇ ಇದೆ ಎಂದು ನನಗೆ ಹೊಳೆದದ್ದು ಆ ದಿನಗಳಲ್ಲಿ. ಅರಮನೆಯ ಗಾಲಿಚೆಗೆ ಕನ್ನಡ ಕೊಟ್ಟ ಹೆಸರು, ಹೊಲದ ಕಂಬಳಿಗೆ ರತ್ನ ಹಚ್ಚಿದ್ದು. ಆ ರತ್ನ ಎಂದರೆ ಬಣ್ಣವೇ ತಾನೆ? ಧಾರವಾಡದ ಗ್ರಂಥಾಲಯದಲ್ಲಿ ನನ್ನ ಪಠ್ಯವನ್ನು ಬದಿಗಿಟ್ಟು ಇದರ ಬೆನ್ನು ಹತ್ತಿದೆ. ಟಿಪ್ಪು ಸುಲ್ತಾನ್ ಸತ್ತ ಮೇಲೆ, 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ನೇಕಾರರು ಮತ್ತು ಬಣ್ಣಗಾರರು ಯಾವ ಬೇರು, ಯಾವ ತೊಗಟೆ ಬಳಸುತ್ತಾರೆ ಎಂದು ಕೇಳಿ ಕೇಳಿ ಬರೆದಿಟ್ಟಿದ್ದಾನೆ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕಂಬಳಿಯೂ ಇದೆ. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಹೆಸರಾದ ರತ್ನಗಂಬಳಿಗಳಿದ್ದವು. ಎರಡೂ ಬದಿಗೆ ಒಂದೇ ಚಿತ್ತಾರ ಇರುವುದು ಅವುಗಳ ವಿಶೇಷ ಎಂದು ಲೂಯಿಸ್ ರೈಸ್ ತನ್ನ ಗ್ಯಾಸೆಟಿಯರ್‌ನಲ್ಲಿ ಬರೆದಿದ್ದಾನೆ.

ಅಂಥ ಎರಡು ಮುಖದ ಹಾಸನ್ನು ಕಣ್ಣಾರೆ ಕಂಡದ್ದು ನವಲಗುಂದದಲ್ಲಿ. ಧಾರವಾಡ ಜಿಲ್ಲೆಯದೇ ಊರು. ಅಲ್ಲಿನ ಜಮಖಾನ ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಆದಿಲ್‌ಶಾಹಿಗಳ ವಿಜಯಪುರದಿಂದ ಹುಬ್ಬಳ್ಳಿಗೆ, ಅಲ್ಲಿಂದ ನವಲಗುಂದಕ್ಕೆ ಬಂದವರು ತಾವು ಎಂಬುದು ಅವರ ಮನೆತನಗಳ ಮಾತು. 2011ರಲ್ಲಿ ಆ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನೆಟ್ಟಗೆ ನಿಂತ ಮಗ್ಗದ ಮುಂದೆ ಇಬ್ಬರು ಪಕ್ಕಪಕ್ಕ ಕೂತು, ಬಣ್ಣದ ಹತ್ತಿ ನೂಲನ್ನು ಬೆರಳಲ್ಲೇ ತೂರಿಸಿ, ಕಬ್ಬಿಣದ ಪಂಜಾದಿಂದ ಬಡಿಯುತ್ತಾರೆ. ಎದುರಿಗೆ ನಕ್ಷೆಯ ಕಾಗದ ಇಲ್ಲ. ನವಿಲು, ಪಗಡೆಯ ಮನೆ ಎಲ್ಲವೂ ಎಣಿಕೆಯಲ್ಲಿ. ಮಾತಾಡುತ್ತಲೇ ಎಣಿಸುತ್ತಾರೆ. ಮೂಲೆ ಮಡಚಿ ತೋರಿಸಿದರು. ಹಿಂದೆಯೂ ಅದೇ ನವಿಲು. ಈಗ ನೂಲಿಗೆ ಹಾಕುವುದು ಅಂಗಡಿಯ ಬಣ್ಣವೇ. ಆದರೂ ನೇಯ್ದ ಅಜ್ಜಿ ತನ್ನ ಜಮಖಾನದ ಮೇಲೆ ಅಂಗೈಯಿಟ್ಟು, "ಒಗೀರಿ, ಬಣ್ಣ ಹೋದ್ರ ನನ್ನ ಹತ್ರ ತೊಗೊಂಡ್ ಬರ್ರಿ" ಎಂದರು. ನಮ್ಮ ತಾತನಿಗೆ ಕಂಬಳಿ ಕೊಟ್ಟವನ ದನಿ ಹೀಗೇ ಇದ್ದಿರಬೇಕು ಎನಿಸಿತು. ಆ ಕೆಲಸ ಗೊತ್ತಿರುವ ಕೈಗಳು ಈಗ ಆ ಊರಲ್ಲೂ ಬಹಳ ಉಳಿದಿಲ್ಲ.

ಬಣ್ಣ ಹೀಗೆ ಕೈತಪ್ಪಿದ್ದು ನಮ್ಮಲ್ಲಿ ಮಾತ್ರವಲ್ಲ. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್, ಮಲೇರಿಯಾದ ಔಷಧಿ ಹುಡುಕುತ್ತಾ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1897ರಲ್ಲಿ ಜರ್ಮನಿಯ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಭಾರತದ ನೀಲಿ ಬೆಳೆ ಕುಸಿಯಿತು. ರತ್ನಗಂಬಳಿಗಳ ಇರಾನಿನಲ್ಲಿ ಆ ಶತಮಾನದ ಕೊನೆಗೆ ಅನಿಲಿನ್ ಬಣ್ಣಗಳನ್ನು ಸರ್ಕಾರವೇ ನಿಷೇಧಿಸಲು ನೋಡಿತು. ಕಾರಣ ನನಗೆ ಬಹಳ ಪರಿಚಿತವಾದದ್ದು: ಬಣ್ಣ ಬಿಡುತ್ತಿತ್ತು, ಬಿಸಿಲಿಗೆ ಮಾಸುತ್ತಿತ್ತು, ಊರಿನ ಹೆಸರು ಕೆಡುತ್ತಿತ್ತು. ಆಮೇಲೆ ಬಂದ ಕೃತಕ ಬಣ್ಣಗಳು ಎಷ್ಟೋ ಗಟ್ಟಿಯಾದವು. ಹಾಗಾಗಿ ಡಬ್ಬದ ಬಣ್ಣವನ್ನೇ ದೂರಿ ನಾನು ಪಾರಾಗುವಂತಿರಲಿಲ್ಲ.

ಇದನ್ನೆಲ್ಲ ಒಂದು ಭಾನುವಾರ ತಂಗಿಗೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ಕುರಿಯ ಕಪ್ಪು, ಕಚ್ಚುವ ಪಟಿಕ, ಉಜ್ಜುವ ಬಟ್ಟೆ, ಇರಾನು. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಣ್ಣ, ಅದು ಕಳಪೆ ಬಣ್ಣ ಅಂತ ನಂಗೆ ಅವತ್ತೇ ಗೊತ್ತು" ಎಂದಳು. ಆಮೇಲೆ, ಹಿಂದಿನ ಆಷಾಢದಲ್ಲಿ ಅವಳಿಗೆ ಮೂರು ತಿಂಗಳ ಗರ್ಭ ಇಳಿದುಹೋದಾಗ, ಆ ಮನೆಯಲ್ಲಿ ಯಾರೋ ಧಾರೆಯ ಕಪ್ಪನ್ನು ನೆನೆಸಿಕೊಂಡರು ಎಂದು ಹೇಳಿದಳು. ಅತ್ತೆ ತಾವಾಗಿ ಅಂದಿರಲಿಲ್ಲ. ಅಂದವರಿಗೆ ಬೇಡ ಎಂದೂ ಹೇಳಲಿಲ್ಲ. "ನೀನು ಇಷ್ಟೆಲ್ಲ ಕಲಿತಿದ್ದೀಯ. ಕಂಬಳಿ ತಂದೋನು ನಾನು ಅಂತ ಅವ್ರಿಗೆ ಒಂದು ಮಾತು ಹೇಳೋಕೆ ನಿಂಗೆ ಇನ್ನೆಷ್ಟು ವರ್ಷ ಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. ಮದುವೆಯ ದಿನ ಆ ಕಲೆ ಯಾರಿಂದ ಬಂತು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳದೇ ಇದ್ದದ್ದರಿಂದ ಅದು ಅವಳ ತಲೆಗೆ ಹೋಯಿತು. ಬಿಟ್ಟ ಬಣ್ಣ ಎಲ್ಲಾದರೂ ಹೋಗಿ ಅಂಟಲೇಬೇಕಲ್ಲ.

ದಸರಾ ರಜೆಗೆ ಊರಿಗೆ ಬಂದೆ. ಅರಸೀಕೆರೆಯಲ್ಲಿ ರೈಲು ಬದಲಿಸಿ, ಹಾಸನ ದಾಟಿ ಬರುವಾಗ ಕಿಟಕಿಯಾಚೆ ಕುರಿಮಂದೆಗಳು ಕಂಡವು. ಈಗ ಅವುಗಳನ್ನು ಬೇರೆ ಕಣ್ಣಿಂದ ನೋಡುತ್ತಿದ್ದೆ. ಹೆಚ್ಚಿನವು ಮಾಂಸಕ್ಕೆಂದು ಸಾಕಿದವು, ಮೈಮೇಲೆ ಉಣ್ಣೆಗಿಂತ ಕೂದಲೇ ಹೆಚ್ಚು. ಕರಿ ಉಣ್ಣೆ ಯಾರಿಗೂ ಬೇಡವಾದ ಮೇಲೆ ಕರಿ ಕುರಿಯನ್ನು ಯಾರು ಉಳಿಸಿಕೊಳ್ಳುತ್ತಾರೆ? ಗೊರೂರಿನ ಅಣೆಕಟ್ಟೆಯ ನಾಲೆ ಬಂದ ಮೇಲೆ ಮೇಯುವ ಬಯಲೂ ಗದ್ದೆಯಾಯಿತು. ಅದರಿಂದ ನಮ್ಮ ಮನೆಯಲ್ಲೂ ಅನ್ನ ಹೆಚ್ಚಾಯಿತು, ನಾನು ಓದಿದೆ. ದೂರುವುದಕ್ಕೆ ನನಗೆ ಬಾಯಿಲ್ಲ. ಪಕ್ಕದೂರಿನ ಆ ಮನೆಗೂ ಹೋಗಿ ನೋಡಿದೆ. ಮಗ್ಗದ ಕುಣಿಗೆ ಮಣ್ಣು ತುಂಬಿ, ಸಿಮೆಂಟು ಹಾಕಿ, ಅದರ ಮೇಲೆ ಟಿ.ವಿ. ಇಟ್ಟಿದ್ದರು. ಮೊಮ್ಮಗ ಬೆಂಗಳೂರಿನಲ್ಲಿ ಡ್ರೈವರ್. ತಾತನ ಕಂಬಳಿಯಂಥದ್ದು ಒಂದು ಬೇಕು ಎಂದು ಕೇಳಿದರೆ, ಚಳ್ಳಕೆರೆ ಕಡೆ ವಿಚಾರಿಸಿ ಎಂದರು.

ಅಟ್ಟದ ಕಂಬಳಿಯನ್ನು ಇಳಿಸಿ, ಎರಡು ದಿನ ಬಿಸಿಲಿಗೆ ಹಾಕಿ ಕೊಡವಿದೆ. ಅಜ್ಜಿಗೆ ಕಣ್ಣು ಕಾಣದು. ಆದರೂ ಬೆರಳಲ್ಲೇ ತೂತು ಹುಡುಕಿ, ಅದರದೇ ಅಂಚಿನಿಂದ ಎಳೆದ ನೂಲಿನಲ್ಲಿ ನನ್ನ ಕೈಯಲ್ಲೇ ಹೊಲಿಸಿದರು. ವಂಕಿಯಾದ ಹೊಲಿಗೆ. "ಇದನ್ನ ಅವ್ಳಿಗೆ ಕೊಟ್ಟು ಬಾ. ನಂಗೆ ಇನ್ಯಾಕೆ" ಎಂದರು.

ಚನ್ನರಾಯಪಟ್ಟಣದಿಂದ ಒಳಗಿರುವ ತಂಗಿಯ ಊರಿಗೆ ಬೈಕಿನಲ್ಲಿ ಹೋದೆ. ಭಾವ ತೋಟದಲ್ಲಿದ್ದರು. ಅತ್ತೆ ಜಗಲಿಯ ಮೇಲೆ ಅವರೆ ಬಿಡಿಸುತ್ತಾ ಕೂತಿದ್ದರು. ಕಾಫಿ ಕುಡಿದು, ಮಳೆ ಬೆಳೆಯ ಮಾತಾಡಿ, ಇನ್ನು ಆಡಲು ಬೇರೆ ಮಾತಿಲ್ಲ ಎನ್ನುವಾಗ ಹೇಳಿದೆ.

"ಅತ್ತೆ, ಮದುವೇಲಿ ಪಂಚೆಗೆ ಕಪ್ಪು ಹತ್ತಿತಲ್ಲ, ಆ ಕಂಬಳಿ ತಂದೋನು ನಾನು. ಮನೇಲಿ ಒಳ್ಳೇದಿತ್ತು. ಅಜ್ಜಿ ಅದನ್ನೇ ಹಾಸು ಅಂದಿದ್ರು. ಚೆನ್ನಾಗಿ ಕಾಣಲ್ಲ ಅಂತ ನಾನೇ ಅಗ್ಗದ್ದು ಕೊಂಡು ತಂದೆ. ತಪ್ಪು ನನ್ದು. ಅವಳದ್ದಲ್ಲ."

ಅವರು ಅವರೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಾಗಿಲ ಹಿಂದೆ ತಂಗಿ ನಿಂತಿರುವುದು ನನಗೆ ಗೊತ್ತಾಗುತ್ತಿತ್ತು. ಚರಕದಲ್ಲಿ ಕಲಿತದ್ದು, ಪುಸ್ತಕದಲ್ಲಿ ಓದಿದ್ದು ಒಂದೂ ಬಾಯಿಗೆ ಬರಲಿಲ್ಲ. ಕಂಬಳಿಯನ್ನು ತೆಗೆದು ಅವರ ಪಕ್ಕ ಇಟ್ಟೆ.

"ಇದು ಆ ಒಳ್ಳೇದು" ಎಂದೆ.

ಅವರು ಕೈ ಒರೆಸಿಕೊಂಡು, ಕಂಬಳಿಯ ಮಡಿಕೆ ಬಿಡಿಸಿ, ಅಂಚಿನ ಕಂದನ್ನು, ನನ್ನ ವಂಕಿ ಹೊಲಿಗೆಯನ್ನು ನೋಡಿದರು. ಆಮೇಲೆ ಪಕ್ಕದ ಚೊಂಬಿನ ನೀರಿನಲ್ಲಿ ತಮ್ಮ ಬಿಳಿ ಸೀರೆಯ ಸೆರಗಿನ ತುದಿ ಅದ್ದಿ, ಕಂಬಳಿಯ ನಡುವೆ ಕಪ್ಪು ಇನ್ನೂ ಗಾಢವಾಗಿದ್ದ ಕಡೆ ಬಲವಾಗಿ ಉಜ್ಜಿದರು. ಈ ಪರೀಕ್ಷೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೆರಗನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ತಿರುಗಿಸಿ ನೋಡಿದರು.

"ಬಿಡಲ್ಲ" ಎಂದರು. ಒಳಗೆ ತಿರುಗಿ ತಂಗಿಯ ಹೆಸರು ಹಿಡಿದು ಕರೆದು, "ಇದನ್ನ ತಗೊಂಡೋಗಿ ನಿನ್ನ ಕೋಣೇಲಿ ಹಾಸ್ಕೊ. ನೆಲ ಥಂಡಿ" ಎಂದರು.